ಅಪ್ಪನೊಂದಿಗೆ 2,000 ಕಿ.ಮೀ. ಸೈಕಲ್ ಪ್ರಯಾಣ: ಹೋಗಿಬಂದವರ ಅನುಭವ ಬೇಕಾಗಿದೆ

ಪ್ರಶ್ನೆ ಕೇಳಿದವರು

ನನಗೆ 31 ವರ್ಷ, ಅಪ್ಪನಿಗೆ 63. ಇಬ್ಬರೂ ಸೇರಿ 2,000 ಕಿ.ಮೀ. ಸೈಕಲ್ಲಿನಲ್ಲಿ ಹೋಗುವುದೆಂದು ನಿಶ್ಚಯಿಸಿದ್ದೇವೆ. ಡೇರೆ, ಮಲಗುವ ಚೀಲ, ರಿಪೇರಿ ಸಾಮಾನು ಎಲ್ಲವೂ ನಮ್ಮ ಕ್ಯಾರಿಯರ್ ಮೇಲೆಯೇ ಇರುತ್ತದೆ. ನನಗಿರುವ ರಜೆ 32 ದಿನ. ದಿನಕ್ಕೆ 90 ಕಿ.ಮೀ. ತುಳಿದು ಉಳಿದ ದಿನಗಳನ್ನು ಕೊನೆಯಲ್ಲಿ ವಿಶ್ರಾಂತಿಗೆ ಇಟ್ಟುಕೊಳ್ಳೋಣ ಎಂಬುದು ಅಪ್ಪನ ವಾದ. 70 ಕಿ.ಮೀ.ಯಂತೆ 29 ದಿನ ತುಳಿದು, ನಡುನಡುವೆ ಮೂರು ದಿನ ನಿಲ್ಲೋಣ ಎಂಬುದು ನನ್ನದು. ಎರಡು ಸೈಕಲ್ಲೋ, ಇಬ್ಬರೂ ಹಿಂದೆ ಮುಂದೆ ಕುಳಿತು ತುಳಿಯುವ ಒಂದು ಟ್ಯಾಂಡೆಮ್ಮೋ ಎಂಬುದೂ ಇನ್ನೂ ತೀರ್ಮಾನವಾಗಿಲ್ಲ. ತಂದೆ ಅಥವಾ ತಾಯಿಯೊಂದಿಗೆ, ಇಲ್ಲವೇ ಬೆಳೆದ ಮಕ್ಕಳೊಂದಿಗೆ ಹೀಗೆ ಹೋಗಿಬಂದವರು ದಯವಿಟ್ಟು ತಿಳಿಸಬೇಕು.

ನಿಧಾನಗತಿ

ನಾನು ನನ್ನ ಅಮ್ಮನೊಂದಿಗೆ 1,400 ಕಿ.ಮೀ. ಹೋಗಿದ್ದೆ. ಆಗ ಅವರಿಗೆ 61 ವರ್ಷ. ಎರಡು ಸೈಕಲ್, ದಿನಕ್ಕೆ 70 ಕಿ.ಮೀ., ಒಟ್ಟು 20 ದಿನ ಎಂದು ಲೆಕ್ಕ ಹಾಕಿದ್ದೆವು. ಹಿಡಿದದ್ದು 25 ದಿನ. ಹೆಚ್ಚಾದ ಐದು ದಿನಗಳಲ್ಲಿ ಎರಡು ನನ್ನ ಹಿಂದಿನ ಗಾಲಿಗೆ ಹೋದವು, ಮೂರು ಅಮ್ಮನ ಮೊಣಕಾಲಿಗೆ.

ಗಾಲಿಯ ವಿಷಯವನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದು ನನ್ನದೇ ಅಜಾಗರೂಕತೆ. 32 ಕಡ್ಡಿಗಳ ಗಾಲಿಯ ಮೇಲೆ 19 ಕೆ.ಜಿ. ಸಾಮಾನು ಹೇರಿದ್ದೆ. ನಾಲ್ಕನೆಯ ದಿನ ಚೈನಿನ ಬದಿಯ ಒಂದು ಕಡ್ಡಿ ಮುರಿಯಿತು. ಆ ಬದಿಯ ಕಡ್ಡಿ ಬದಲಿಸಬೇಕಾದರೆ ಗೇರಿನ ಹಲ್ಲುಚಕ್ರಗಳ ಗುಚ್ಛವನ್ನು ಬಿಚ್ಚಲೇಬೇಕು, ಬಿಚ್ಚುವ ಉಪಕರಣ ನನ್ನಲ್ಲಿರಲಿಲ್ಲ. ಮುರಿದದ್ದರ ಅಕ್ಕಪಕ್ಕದ ಕಡ್ಡಿಗಳ ಮೇಲೆ ಬಿಗಿತ ಹೆಚ್ಚಾಗಿ ಐದನೆಯ ದಿನ ಇನ್ನೆರಡು ಹೋದವು. ಉಪಕರಣ ದೊರೆತ ಮೇಲೆ ತಿಳಿದದ್ದೇನೆಂದರೆ, ನಾನು ಜೋಪಾನವಾಗಿ ಹೊತ್ತು ತಂದಿದ್ದ ನಾಲ್ಕು ಹೆಚ್ಚುವರಿ ಕಡ್ಡಿಗಳೂ ಎಡಬದಿಯ ಅಳತೆಯವು, ಚೈನಿನ ಬದಿಗೆ ಬೇಕಾದುದಕ್ಕಿಂತ 2 ಮಿ.ಮೀ. ಉದ್ದ. ಬೇರೆ ದಾರಿ ಕಾಣದೆ ಅವನ್ನೇ ಹಾಕಿದೆ. ಉದ್ದ ಹೆಚ್ಚಾದ ತುದಿಗಳು ರಿಮ್ಮಿನ ಒಳಕ್ಕೆ ಚಾಚಿ, ಅಲ್ಲಿ ಟ್ಯೂಬಿನ ರಕ್ಷಣೆಗೆ ಹಾಕಿರುವ ಪಟ್ಟಿಯನ್ನು ಸೀಳಿ, ಒಂದೇ ಮಧ್ಯಾಹ್ನ ಎರಡು ಸಲ ಟ್ಯೂಬನ್ನು ಚುಚ್ಚಿದವು. ಗಾಲಿಯನ್ನು ಹೊಸದಾಗಿ ಹೆಣೆಸಿದ್ದು, ಹೆಚ್ಚಿನ ರಾತ್ರಿಗಳ ವಸತಿ, ಮರುಪ್ರಯಾಣದ ಟಿಕೆಟ್ ಬದಲಾವಣೆ ಎಲ್ಲ ಸೇರಿ ಪ್ರವಾಸದ ಒಟ್ಟು ಖರ್ಚಿನ ಮೂರನೆಯ ಒಂದು ಪಾಲು ನಾವು ಎಣಿಸಿಯೇ ಇರದ ಬಾಬುಗಳಿಗೆ ಹೋಯಿತು.

ಆದರೆ ಇಂದಿಗೂ ನನ್ನನ್ನು ಕಾಡುವುದು ಗಾಲಿಯಲ್ಲ. ನಾನು ಪ್ರತಿ ಏರನ್ನೂ ಮೊದಲು ಹತ್ತಿ ತುದಿಯಲ್ಲಿ ಅಮ್ಮನಿಗಾಗಿ ಕಾಯುತ್ತಿದ್ದೆ, ಅವರು ಬಂದು ಮುಟ್ಟಿದ ಕೂಡಲೇ ‘ಹೊರಡೋಣವೇ’ ಎನ್ನುತ್ತಿದ್ದೆ. ಹನ್ನೊಂದನೆಯ ದಿನ ಅವರು ಸೈಕಲ್ಲನ್ನು ನೆಲಕ್ಕೆ ಒರಗಿಸಿ, ‘ನೀನು ಕಾಯುತ್ತಿದ್ದೀಯ ಅಂದುಕೊಂಡಿದ್ದೀಯ. ನೀನು ದಣಿವಾರಿಸಿಕೊಳ್ಳುತ್ತಿದ್ದೀಯ. ನನಗೆ ಇಲ್ಲಿಯವರೆಗೆ ಒಮ್ಮೆಯೂ ಅದು ಸಿಕ್ಕಿಲ್ಲ’ ಎಂದರು. ಹತ್ತು ದಿನ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಮೊಣಕಾಲು ಕೈಕೊಟ್ಟದ್ದು ಮರುದಿನವೇ.

ಜೋಡಿಸವಾರ

ಮೇಲಿನವರು ಬರೆದದ್ದನ್ನು ಓದಿ ಸಂಕಟವಾಯಿತು. ತಾಯಿಯನ್ನು ಹತ್ತು ದಿನ ಹಿಂದೆ ಬಿಟ್ಟು ಹೋಗುವ ಅವಕಾಶವನ್ನೇ ಕೊಡದ ಸೈಕಲ್ ಒಂದಿದೆ, ಅದು ಟ್ಯಾಂಡೆಮ್. ನನಗೆ 66 ವರ್ಷ, ಮಗನಿಗೆ 35. ಮೂರು ವರ್ಷಗಳ ಹಿಂದೆ ನಾವಿಬ್ಬರೂ 2,300 ಕಿ.ಮೀ. ಹೋಗಿಬಂದೆವು, 33 ದಿನಗಳಲ್ಲಿ ನಮ್ಮಿಬ್ಬರ ನಡುವೆ ಒಂದು ಮೀಟರ್ ಅಂತರವೂ ಬೀಳಲಿಲ್ಲ.

ಖರ್ಚನ್ನು ಮುಚ್ಚಿಡುವುದಿಲ್ಲ. ಅದರ ಬೆಲೆ ಎರಡು ಒಳ್ಳೆಯ ಪ್ರವಾಸಿ ಸೈಕಲ್ಲುಗಳ ಬೆಲೆಗಿಂತ ಅರ್ಧದಷ್ಟು ಹೆಚ್ಚು. ಸೈಕಲ್ 21 ಕೆ.ಜಿ., ಸಾಮಾನು 24 ಕೆ.ಜಿ., ನಾವಿಬ್ಬರು 148 ಕೆ.ಜಿ., ಒಟ್ಟು 193 ಕೆ.ಜಿ. ಇಷ್ಟು ಭಾರ ಹೊತ್ತು ಉದ್ದದ ಇಳಿಜಾರು ಇಳಿಯುವಾಗ ರಿಮ್ ಬ್ರೇಕನ್ನು ಹಿಡಿದೇ ಇದ್ದರೆ ರಿಮ್ ಕಾದು ಟೈರ್ ಸಿಡಿಯುವ ಅಪಾಯವಿರುವುದರಿಂದ, ನಮ್ಮದಕ್ಕೆ ಎರಡು ಬ್ರೇಕುಗಳಲ್ಲದೆ ಮೂರನೆಯದಾಗಿ, ರಿಮ್ಮನ್ನು ಮುಟ್ಟದೆ ಗಾಲಿಯ ನಡುವಿನಲ್ಲಿ ಹಿಡಿಯುವ ಒಂದು ಡ್ರಮ್ ಬ್ರೇಕ್ ಇದೆ. ಹಿಂದಿನ ಗಾಲಿಗೆ 40 ಕಡ್ಡಿ, ಒಂದೂ ಮುರಿಯಲಿಲ್ಲ. ಆದರೆ ಒಂಟಿ ಸೈಕಲ್ಲಿನಲ್ಲಿ 5,000 ಕಿ.ಮೀ. ಬಾಳುತ್ತಿದ್ದ ಹಿಂದಿನ ಟೈರ್ ಇಲ್ಲಿ 1,900ಕ್ಕೇ ಸವೆದು ನೂಲು ಕಾಣಿಸಿತು. ಹೋಗುವಾಗ ಸೈಕಲ್ಲಿನ ಉದ್ದ ನೋಡಿ ರೈಲಿಗೆ ಹಾಕಿಕೊಳ್ಳಲಿಲ್ಲ. ಬೇರೆ ವಾಹನದಲ್ಲಿ ಕಳುಹಿಸಿದ್ದಕ್ಕೆ ನಮ್ಮಿಬ್ಬರ ಟಿಕೆಟ್ಟಿನಷ್ಟೇ ಹಣವಾಯಿತು. ಇಷ್ಟೆಲ್ಲ ಆದ ಮೇಲೂ ಹೇಳುತ್ತೇನೆ, ನನ್ನ ಬಾಳಿನಲ್ಲಿ ಅದಕ್ಕಿಂತ ಸಾರ್ಥಕವಾಗಿ ಖರ್ಚು ಮಾಡಿದ ಹಣ ಇನ್ನೊಂದಿಲ್ಲ.

ಹಿಂದಿನ ಸೀಟು

ಟ್ಯಾಂಡೆಮ್ಮಿನ ಬಗ್ಗೆ ಯಾವಾಗಲೂ ಮುಂದೆ ಕುಳಿತವರೇ ಬರೆಯುತ್ತಾರೆ. ನಾನು 1,100 ಕಿ.ಮೀ. ಅಪ್ಪನ ಹಿಂದೆ ಕುಳಿತವನು. ಹ್ಯಾಂಡಲ್ ಅವರದು, ಗೇರ್ ಅವರದು, ಬ್ರೇಕ್ ಅವರದು. ಎರಡೂ ಜೊತೆ ಪೆಡಲುಗಳು ಒಂದೇ ಚೈನಿನಿಂದ ಬೆಸೆದಿರುವುದರಿಂದ ಅವರು ನಿಮಿಷಕ್ಕೆ 65 ಸುತ್ತು ತುಳಿದರೆ ನಾನೂ 65 ಸುತ್ತೇ ತುಳಿಯಬೇಕು. ನನ್ನ ಕಾಲಿಗೆ 85 ಸುತ್ತು ರೂಢಿ. ಭಾರದ ಗೇರಿನಲ್ಲಿ ನಿಧಾನವಾಗಿ ಒತ್ತಿ ಒತ್ತಿ ತುಳಿದು, ಒಂಬತ್ತನೆಯ ದಿನಕ್ಕೆ ಮೊಣಕಾಲಿನ ಮುಂಭಾಗದಲ್ಲಿ ನೋವು ಹುಟ್ಟಿದ್ದು ನನಗೆ, 30 ವರ್ಷದವನಿಗೆ. ಗುಂಡಿ ಬಂದಾಗ ಮುಂದಿನವರು ಹೇಳದಿದ್ದರೆ ಹಿಂದಿನವನು ಸೀಟಿನಿಂದ ಏಳುವುದಕ್ಕೂ ಆಗುವುದಿಲ್ಲ. ಅಪ್ಪ ಹೇಳುವುದನ್ನು ಎರಡನೆಯ ದಿನಕ್ಕೇ ಮರೆತರು.

‘ಒಂದು ಮೀಟರ್ ಅಂತರವೂ ಬೀಳಲಿಲ್ಲ’ ಎಂದು ಜೋಡಿಸವಾರರು ಹೆಮ್ಮೆಯಿಂದ ಬರೆದಿದ್ದಾರೆ. ಅಂತರ ಬೀಳಲು ಅಲ್ಲಿ ಸಾಧ್ಯವೇ ಇಲ್ಲ. ಅದನ್ನು ಒಗ್ಗಟ್ಟು ಎಂದು ಕರೆಯುವುದಾದರೆ ಹಿಂದಿನವನನ್ನು ಒಮ್ಮೆ ಕೇಳಿ ಕರೆಯಬೇಕು.

ಜೋಡಿಸವಾರ

ತಮ್ಮ ತಂದೆಯ ತಪ್ಪನ್ನು ನನ್ನ ಮೇಲೆ ಹೊರಿಸಬೇಡಿ. ನಮ್ಮ ಸೈಕಲ್ಲಿನ ಮೂರನೆಯ ಬ್ರೇಕಿನ ಲಿವರ್ ಇದ್ದದ್ದು ಮಗನ ಕೈಯಲ್ಲಿ. ಇಳಿಜಾರಿನಲ್ಲಿ ವೇಗ ಎಷ್ಟಿರಬೇಕೆಂದು ಅವನೇ ನಿರ್ಧರಿಸುತ್ತಿದ್ದ. ನಾನು ಪ್ರತಿ ಗುಂಡಿಯನ್ನೂ, ಪ್ರತಿ ಗೇರ್ ಬದಲಾವಣೆಯನ್ನೂ ಗಟ್ಟಿಯಾಗಿ ಹೇಳುತ್ತಿದ್ದೆ.

ಏರುದಾರಿ

ನನ್ನ ಅಪ್ಪನಿಗೆ 64 ವರ್ಷ, ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಆ ಮಾತ್ರೆ ಎದೆಬಡಿತವನ್ನು ಏರಗೊಡುವುದಿಲ್ಲ, ಹಾಗಾಗಿ ಎಷ್ಟೇ ದಣಿದರೂ ಕೈಗಡಿಯಾರದಲ್ಲಿ ಕಾಣುವ ಅಂಕಿ ಕಡಿಮೆಯೇ ಇರುತ್ತದೆ. ಅಂಕಿಯನ್ನು ನಂಬಿ ಅಭ್ಯಾಸದ ದಿನಗಳಲ್ಲಿ ನಾನು ಅವರನ್ನು ಎರಡು ಸಲ ಮಿತಿಮೀರಿ ದಣಿಸಿದೆ. ಆಮೇಲೆ ವೈದ್ಯರು ಹೇಳಿದಂತೆ, ತುಳಿಯುತ್ತಲೇ ಒಂದು ಪೂರ್ಣ ವಾಕ್ಯವನ್ನು ತಡೆಯದೆ ಆಡಬಲ್ಲರೇ ಎಂಬುದನ್ನಷ್ಟೇ ನೋಡಿದೆವು, ಮತ್ತು ಅವರಿಗೆ ಮೋಟಾರ್ ನೆರವಿನ ಸೈಕಲ್ ಕೊಂಡೆವು.

ಬ್ಯಾಟರಿ 500 ವ್ಯಾಟ್ ಅವರ್‌ನದು. ಅತಿ ಕಡಿಮೆ ನೆರವಿನಲ್ಲಿ ಸಮತಟ್ಟು ದಾರಿಯಾದರೆ 85 ಕಿ.ಮೀ., ಗುಡ್ಡಗಾಡಾದರೆ 55. ಆದ್ದರಿಂದ ಎರಡನೆಯ ಬ್ಯಾಟರಿ ಬೇಕಾಯಿತು. ಅದರ ತೂಕ 2.6 ಕೆ.ಜಿ., ಬೆಲೆ ಸೈಕಲ್ಲಿನ ಕಾಲು ಭಾಗ. ಒಂದು ತುಂಬಲು ನಾಲ್ಕೂವರೆ ಗಂಟೆ, ಇದ್ದದ್ದು ಒಂದೇ ಚಾರ್ಜರ್, ಆದುದರಿಂದ 17 ರಾತ್ರಿ ನಾನು ನಡುರಾತ್ರಿ ಎರಡಕ್ಕೆ ಎದ್ದು ಬ್ಯಾಟರಿ ಬದಲಿಸಿದ್ದೇನೆ. ವಿದ್ಯುತ್ ಇಲ್ಲದ ಕಡೆ ಡೇರೆ ಹಾಕಿದ ಮರುದಿನ ಅಪ್ಪ 26 ಕೆ.ಜಿ.ಯ ಆ ಸೈಕಲ್ಲನ್ನು ನೆರವಿಲ್ಲದೆ 31 ಕಿ.ಮೀ. ತುಳಿದರು. 160 ವ್ಯಾಟ್ ಅವರ್ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರು ವಿಮಾನದಲ್ಲಿ ಒಯ್ಯುವಂತಿಲ್ಲವೆಂಬುದನ್ನು ನಾನು ಟಿಕೆಟ್ ಕೊಂಡ ಮೇಲೆ ತಿಳಿದುಕೊಂಡೆ. ಟಿಕೆಟ್ಟಿನ ಹಣ ಮರಳಿ ಬರಲಿಲ್ಲ, ಭೂಮಾರ್ಗದಲ್ಲಿ ಹಿಂತಿರುಗಲು ಮೂರು ದಿನ ಹಿಡಿಯಿತು.

ಜೋಡಿಸವಾರ

ಮೋಟಾರ್ ಎಳೆದ ಮೇಲೆ ಅದನ್ನು ಸೈಕಲ್ ಪ್ರಯಾಣವೆನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಪ್ರಶ್ನೆ ಕೇಳಿದವರ ತಂದೆ ಆರೋಗ್ಯವಾಗಿದ್ದಾರೆಂದು ಕಾಣುತ್ತದೆ. ಅವರಿಗೆ ಈ ದಾರಿಯನ್ನು ತೋರಿಸುವುದು ಬೇಡ.

ಏರುದಾರಿ

ಹಿರಿಯರೇ, ತಮ್ಮ ವಯಸ್ಸಿಗೆ ಗೌರವ ಕೊಟ್ಟೇ ಹೇಳುತ್ತೇನೆ, ಈ ಮಾತು ನನ್ನನ್ನು ಬಹಳ ನೋಯಿಸಿತು. ಪೆಡಲ್ ತುಳಿಯದಿದ್ದರೆ ಆ ಮೋಟಾರ್ ತಿರುಗುವುದೇ ಇಲ್ಲ. ತಮಗೆ ಏರಿನಲ್ಲಿ ನೆರವಾದದ್ದು 35 ವರ್ಷದ ಮಗನ ಕಾಲುಗಳು, ನನ್ನ ಅಪ್ಪನಿಗೆ ನೆರವಾದದ್ದು ಬ್ಯಾಟರಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ. ಆ 31 ಕಿ.ಮೀ. ತುಳಿದು ಬಂದ ಸಂಜೆ ಅಪ್ಪನ ಮುಖದಲ್ಲಿದ್ದ ಸಂತೋಷವನ್ನು ಕಂಡವಳು ನಾನು. ಅದು ಸೈಕಲ್ ಪ್ರಯಾಣವಲ್ಲವೆಂದು ಯಾರಿಂದಲೂ ಹೇಳಿಸಿಕೊಳ್ಳಲಾರೆ.

ಬ್ರೆವೆ ಆರುನೂರು

ಇಲ್ಲಿ ಎಲ್ಲರೂ ಹಿರಿಯರೇ ದುರ್ಬಲರು ಎಂದು ಮೊದಲೇ ಒಪ್ಪಿಕೊಂಡು ಮಾತನಾಡುತ್ತಿದ್ದೀರಿ. ನನಗೆ 58 ವರ್ಷ. ಬ್ರೆವೆಗಳಲ್ಲಿ, ಅಂದರೆ ಕಾಲಮಿತಿಯ ದೀರ್ಘ ಸೈಕಲ್ ಸವಾರಿಗಳಲ್ಲಿ, 200 ಕಿ.ಮೀ.ಯನ್ನು 13 ಗಂಟೆ 30 ನಿಮಿಷದಲ್ಲಿ, 600 ಕಿ.ಮೀ.ಯನ್ನು 40 ಗಂಟೆಯಲ್ಲಿ ಮುಗಿಸಬೇಕು, ಎರಡನ್ನೂ ಮುಗಿಸಿದ್ದೇನೆ. 1,200 ಕಿ.ಮೀ.ಗೆ 90 ಗಂಟೆ ಕೊಡುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಅನ್ನು 60 ದಾಟಿದವರೂ ಮುಗಿಸುತ್ತಾರೆ. 28 ವರ್ಷದ ಮಗನೊಂದಿಗೆ 1,600 ಕಿ.ಮೀ. ಹೊರಟಾಗ ಹಾಸಿಗೆ ಹಿಡಿದದ್ದು ಅವನು, ನಾನಲ್ಲ.

ಕಾರಣ ಬಹಳ ಸಣ್ಣದು. ಸೀಟು ಒತ್ತುತ್ತದೆಂದು ಅವನು ಅದರ ಮೂತಿಯನ್ನು ಕೆಳಕ್ಕೆ ಬಾಗಿಸಿದ. ದೇಹ ಮುಂದಕ್ಕೆ ಜಾರಿ ಭಾರವೆಲ್ಲ ಅಂಗೈಗಳ ಮೇಲೆ ಬಿತ್ತು. ಐದನೆಯ ದಿನ ಕಿರುಬೆರಳು, ಉಂಗುರಬೆರಳು ಜೋಮು ಹಿಡಿದವು. ‘ಏನಿಲ್ಲಮ್ಮಾ’ ಎಂದು ನನ್ನಿಂದ ಮುಚ್ಚಿಟ್ಟ. ಎಂಟನೆಯ ದಿನ ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ, ಬ್ರೇಕಿನ ಲಿವರನ್ನು ಪೂರ್ತಿ ಹಿಡಿಯಲೂ ಆಗಲಿಲ್ಲ. ಅಂಗೈಯ ಬುಡದಲ್ಲಿ ಹಾದುಹೋಗುವ ನರ ಒತ್ತಿಹೋಗಿತ್ತು. 590 ಕಿ.ಮೀ.ಗೆ ಪ್ರಯಾಣ ನಿಂತಿತು. ಬಲ ಪೂರ್ತಿ ಮರಳಲು ಎರಡು ತಿಂಗಳು ಬೇಕಾಯಿತು. ನಾನು ಅಷ್ಟೂ ದಿನ ಅವನ ವೇಗಕ್ಕೆ ಸಮನಾಗಿ ತುಳಿಯುತ್ತಿದ್ದೇನೆಂಬ ಹೆಮ್ಮೆಯಲ್ಲಿದ್ದೆ. ಅವನು ಅಮ್ಮನ ಮುಂದೆ ಸೋಲಬಾರದೆಂಬ ಹಟದಲ್ಲಿದ್ದ. 90 ಕಿ.ಮೀ. ಬೇಕೆನ್ನುವ ತಂದೆಗೂ 70 ಸಾಕೆನ್ನುವ ಮಗನಿಗೂ ನಾನು ಕೇಳುವುದು ಒಂದೇ: ನೋವನ್ನು ಅದೇ ದಿನ ಬಾಯಿಬಿಟ್ಟು ಹೇಳುತ್ತೀರಾ?

ನಿಧಾನಗತಿಯವರಿಗೆ ಇನ್ನೊಂದು ಮಾತು. ಕಡ್ಡಿ ಮುರಿದದ್ದು 32 ಇದ್ದುದರಿಂದಲ್ಲ, ಬಿಗಿತ ಸಮನಾಗಿರದೆ ಇದ್ದುದರಿಂದ. ಕೈಯಿಂದ ಚೆನ್ನಾಗಿ ಹೆಣೆದ 32 ಕಡ್ಡಿಯ ಗಾಲಿಯಲ್ಲಿ ನಾನು 9,000 ಕಿ.ಮೀ. ತುಳಿದಿದ್ದೇನೆ.

ನಿಧಾನಗತಿ

ತಾವು ಬ್ರೆವೆಯಲ್ಲಿ ಹೊರುವುದು ಮೂರು ನಾಲ್ಕು ಕೆ.ಜಿ., ನಾನು ಹೊತ್ತದ್ದು 19. ಎರಡನ್ನೂ ಹೋಲಿಸಿ ನನಗೆ ಪಾಠ ಹೇಳುವುದು ನ್ಯಾಯವಲ್ಲ. 36 ಕಡ್ಡಿಯ ಗಾಲಿಯಾಗಿದ್ದರೆ ಒಂದು ಮುರಿದ ಮೇಲೂ ಉಳಿದವು ಭಾರವನ್ನು ಹಂಚಿಕೊಂಡು ಊರು ಮುಟ್ಟಿಸುತ್ತಿದ್ದವು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಬ್ರೆವೆ ಆರುನೂರು

19 ಕೆ.ಜಿ.ಯನ್ನು ಹಿಂದಿನ ಗಾಲಿಯೊಂದರ ಮೇಲೆಯೇ ಹೇರಿದ್ದು ಏಕೆ? ಮೂರನೆಯ ಒಂದು ಪಾಲನ್ನು ಮುಂದಿನ ಕ್ಯಾರಿಯರಿಗೆ ಕೊಟ್ಟಿದ್ದರೆ ಈ ಮಾತೇ ಬರುತ್ತಿರಲಿಲ್ಲ.

ನಿಧಾನಗತಿ

ಮುಂದಿನ ಕ್ಯಾರಿಯರ್ ಇದ್ದದ್ದು ಅಮ್ಮನ ಸೈಕಲ್ಲಿಗೆ. ಅವರ ಭಾರ ಕಡಿಮೆಯಾಗಲೆಂದು ಅವರ ಪಾಲಿನ ಡೇರೆಯನ್ನೂ ನಾನೇ ಹಿಂದೆ ಕಟ್ಟಿಕೊಂಡಿದ್ದೆ. ಅದಕ್ಕಾಗಿ ನಾನು ಯಾರಲ್ಲೂ ಕ್ಷಮೆ ಕೇಳುವುದಿಲ್ಲ.

ಹಿಂದಿನ ಸೀಟು

ಜೋಡಿಸವಾರರೇ, ಬ್ರೇಕಿನ ಲಿವರ್ ಮಗನ ಕೈಯಲ್ಲಿತ್ತು ಎಂದಿರಿ. ನಿಮಿಷಕ್ಕೆ ಎಷ್ಟು ಸುತ್ತು ತುಳಿಯಬೇಕೆಂದು ಅವರನ್ನು ಎಂದಾದರೂ ಕೇಳಿದ್ದಿರಾ?

ಜೋಡಿಸವಾರ

ಕೇಳಿರಲಿಲ್ಲ. ಇವತ್ತು ದೂರವಾಣಿಯಲ್ಲಿ ಕೇಳಿದೆ. ಏರಿನಲ್ಲಿ ಇನ್ನೂ ಒಂದು ಗೇರ್ ಹಗುರ ಇದ್ದಿದ್ದರೆ ಚೆನ್ನಾಗಿತ್ತು, ಆದರೆ ನಾನು ಹಾಡಿಕೊಂಡು ತುಳಿಯುತ್ತಿದ್ದುದರಿಂದ ಹೇಳಲು ತನಗೆ ಮನಸ್ಸಾಗಲಿಲ್ಲ ಎಂದ. ಮೋಟಾರಿನ ಬಗ್ಗೆ ನಾನು ಹೇಳಿದ್ದನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ ಕೇಳಿದವರು

ಅಪ್ಪ ಎಲ್ಲವನ್ನೂ ಎರಡು ಸಲ ಓದಿದರು. ಟ್ಯಾಂಡೆಮ್ ಬೇಡವೆಂದು ಇಬ್ಬರೂ ಒಪ್ಪಿದ್ದೇವೆ, 90 ಮತ್ತು 70ರ ಚರ್ಚೆ ಮುಗಿದಿಲ್ಲ. ಅವರು ನಿಧಾನಗತಿಯವರನ್ನು ಕೇಳಲು ಹೇಳಿದ್ದು ಇಷ್ಟು: ಹನ್ನೊಂದನೆಯ ದಿನದ ನಂತರ ನೀವು ಏನು ಬದಲಿಸಿದಿರಿ?

ನಿಧಾನಗತಿ

ಮೊಣಕಾಲಿಗೆಂದು ಮೂರು ದಿನ ನಿಂತೆವು. ಆಮೇಲೆ ಬೆಳಿಗ್ಗೆ ಅಮ್ಮ ನನಗಿಂತ 20 ನಿಮಿಷ ಮೊದಲು ಹೊರಡುತ್ತಿದ್ದರು, ಅಷ್ಟರಲ್ಲಿ ನಾನು ಡೇರೆ ಮಡಚುತ್ತಿದ್ದೆ. ಏರಿನ ತುದಿಯಲ್ಲಿ ಯಾರು ಕೊನೆಗೆ ಬಂದರೋ ಅವರು ಹೇಳಿದಾಗ ಹೊರಡುವುದೆಂದು ಮಾಡಿಕೊಂಡೆವು. ಕೆಲವು ಸಲ ಅದು ನಾಲ್ಕು ನಿಮಿಷ, ಒಂದು ಸಲ ಮುಕ್ಕಾಲು ಗಂಟೆ. ಅವರ ಪೆಡಲನ್ನು ಒಂದು ಹಲ್ಲುಚಕ್ರದಷ್ಟು ಹಗುರ ಮಾಡಿಸಿದೆವು, ಸೀಟನ್ನು 8 ಮಿ.ಮೀ. ಎತ್ತರಿಸಿದೆವು. ಕಡ್ಡಿಗಳನ್ನು ಕೊಳ್ಳುವಾಗ ಎರಡೂ ಬದಿಯ ಅಳತೆಯವನ್ನು ಬೇರೆ ಬೇರೆ ಕಟ್ಟಿ, ಯಾವುದು ಯಾವ ಬದಿಗೆಂದು ಬರೆದಿಡಿ.