ದಿನಾ ರೇಡಿಯೇಷನ್‌ಗೆ ಹೋಗಿ ಬರುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ನಮ್ಮ ಅತ್ತೆಗೆ ಗರ್ಭಕಂಠದ ಕ್ಯಾನ್ಸರ್. ವಾರಕ್ಕೆ 5 ದಿನದಂತೆ 5 ವಾರ ರೇಡಿಯೇಷನ್, ಜೊತೆಗೆ ವಾರಕ್ಕೊಂದು ಕೀಮೋ ಅಂದಿದ್ದಾರೆ. ಆಮೇಲೆ ಬ್ರಾಕಿಥೆರಪಿ (ದೇಹದ ಒಳಗಿನಿಂದಲೇ ಕೊಡುವ ರೇಡಿಯೇಷನ್) ಬೇರೆ ಇದೆ. ಆಸ್ಪತ್ರೆಗೆ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಮನೆಯಲ್ಲಿ ಕಾರು ಓಡಿಸುವವರು ನನ್ನ ಗಂಡ ಒಬ್ಬರೇ, ಅವರಿಗೆ ಅಷ್ಟೊಂದು ರಜೆ ಸಿಗುವುದಿಲ್ಲ. ಅತ್ತೆ ಮಾತ್ರ, "ಬಸ್ಸಿನಲ್ಲಿ ಹೋಗುತ್ತೇನೆ, ಆಗದ ದಿನ ಬಿಟ್ಟರಾಯ್ತು" ಅನ್ನುತ್ತಾರೆ. ನೀವೆಲ್ಲ ಹೇಗೆ ನಿಭಾಯಿಸಿದಿರಿ?

ಉತ್ತರ 1: ನನ್ನ ಅಮ್ಮನಿಗೂ ಇದೇ ಚಿಕಿತ್ಸೆ ಆಗಿತ್ತು. ಮೊದಲು ಆ "ಬಿಟ್ಟರಾಯ್ತು" ಅನ್ನುವ ಮಾತನ್ನು ಅತ್ತೆಯ ತಲೆಯಿಂದ ತೆಗೆಸಿ. ಈ ಕ್ಯಾನ್ಸರ್‌ನಲ್ಲಿ ಬ್ರಾಕಿಯೂ ಸೇರಿ ಒಟ್ಟು ಚಿಕಿತ್ಸೆ 8 ವಾರದೊಳಗೆ ಮುಗಿಯಬೇಕು ಎಂದು ಡಾಕ್ಟರುಗಳು ನೋಡುತ್ತಾರೆ. ಎಳೆದಷ್ಟೂ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ಕಡಿಮೆ. ಇದನ್ನು ನೀವು ಹೇಳಿದರೆ ಕೇಳುವುದಿಲ್ಲ, ಡಾಕ್ಟರ್ ಬಾಯಿಂದಲೇ ಹೇಳಿಸಿ.

ಗಾಡಿ ಹುಡುಕುವುದು ಆಮೇಲಿನ ಮಾತು. ಓಡಾಟವನ್ನೇ ಎಷ್ಟು ಕಡಿಮೆ ಮಾಡಬಹುದು ಎಂದು ಮೊದಲು ಆಸ್ಪತ್ರೆಯಲ್ಲಿ ಕೇಳಿ. ಹತ್ತಿರದಲ್ಲಿ ಬೇರೆ ಸೆಂಟರ್ ಇದೆಯಾ? ಇದನ್ನು ಪ್ಲಾನಿಂಗ್ ಸ್ಕ್ಯಾನ್‌ಗೆ (ರೇಡಿಯೇಷನ್ ಎಲ್ಲಿಗೆ, ಹೇಗೆ ಕೊಡಬೇಕೆಂದು ಗುರುತಿಸಲು ಮಾಡುವ ಸ್ಕ್ಯಾನ್) ಮುಂಚೆಯೇ ಕೇಳಬೇಕು. ಒಂದು ಮೆಷಿನ್‌ಗೆ ಪ್ಲಾನ್ ಮಾಡಿ ಶುರು ಮಾಡಿದ ಮೇಲೆ ಜಾಗ ಬದಲಿಸುವುದು ಸುಲಭವಲ್ಲ. ಕೀಮೋ, ರೇಡಿಯೇಷನ್, ಡಾಕ್ಟರ್ ಭೇಟಿ ಮೂರನ್ನೂ ಒಂದೇ ದಿನಕ್ಕೆ ಹಾಕಿಸಿ. ಕೀಮೋಗೆ ಮುಂಚಿನ ರಕ್ತ ಪರೀಕ್ಷೆಯನ್ನು ಮನೆ ಹತ್ತಿರದ ಲ್ಯಾಬಿನಲ್ಲಿ ಹಿಂದಿನ ದಿನವೇ ಮಾಡಿಸಿ ರಿಪೋರ್ಟ್ ಕಳಿಸಬಹುದಾ ಕೇಳಿ. ರಕ್ತಕಣ ಕಡಿಮೆ ಇದ್ದರೆ ಕೀಮೋ ಮುಂದಕ್ಕೆ ಹೋಗುತ್ತೆ. ಅದು ಅಲ್ಲಿಗೆ ಹೋಗಿ ಕೂತ ಮೇಲೆ ಗೊತ್ತಾದರೆ ಇಡೀ ದಿನ ಸುಮ್ನೆ ಕಾದಂತೆ, ಅಲ್ವಾ?

ನನ್ನ ಪ್ರಕಾರ ನಾಲ್ಕು ಗಂಟೆ ಪ್ರಯಾಣ ದಿನಾ ಬೇಡವೇ ಬೇಡ. ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕಂಡು ರೋಗಿಗಳು ಉಳಿದುಕೊಳ್ಳುವ ಜಾಗ ಇದೆಯಾ ವಿಚಾರಿಸಿ. ಸೋಮವಾರ ಹೋಗಿ ಶುಕ್ರವಾರ ವಾಪಸ್ ಬಂದರೆ ವಾರಕ್ಕೆ ಒಂದೇ ಸಲ ಹೋಗಿ ಬಂದಂತಾಗುತ್ತೆ. ನಾವು ಮಾಡಿದ್ದೂ ಅದೇ.

ಉತ್ತರ 2: ಉಳಿದುಕೊಳ್ಳಲು ಎಲ್ಲರಿಗೂ ಆಗುವುದಿಲ್ಲವಲ್ಲ. ಜೊತೆಗೆ ಇರುವವರು ಯಾರು? ನಾವು ನೆಂಟರು, ಅಕ್ಕಪಕ್ಕದವರ ವಾಟ್ಸಾಪ್ ಗ್ರೂಪ್ ಮಾಡಿ ಪಾಳಿ ಹಾಕಿಕೊಂಡೆವು. "ಯಾರಾದರೂ ಸಹಾಯ ಮಾಡಿ" ಅಂದರೆ ಎಲ್ಲರೂ ಕೈಮುಗಿಯುವ ಚಿಹ್ನೆ ಹಾಕಿ ಸುಮ್ಮನಾಗುತ್ತಾರೆ. "ಬರುವ ಬುಧವಾರ ಬೆಳಿಗ್ಗೆ ಎಂಟಕ್ಕೆ ಬಿಟ್ಟು ಬರಲು ಆಗುತ್ತಾ?" ಎಂದು ಒಬ್ಬರಿಗೇ ಕೇಳಿ. ಬಿಡುವವರು ಒಬ್ಬರು, ಕರೆತರುವವರು ಇನ್ನೊಬ್ಬರಾದರೆ ಜನ ಬೇಗ ಒಪ್ಪುತ್ತಾರೆ.

ಉತ್ತರ 3: ನಾನು ಸ್ವಯಂಸೇವಕನಾಗಿ ರೋಗಿಗಳನ್ನು ಕರೆದೊಯ್ಯುತ್ತೇನೆ, ಓಡಿಸುವವನ ಕಡೆಯಿಂದ ಹೇಳುತ್ತೇನೆ. ಕೀಮೋ ದಿನ ವಾಪಸ್ ಹೊರಡುವ ಹೊತ್ತು ಯಾರಿಗೂ ಗೊತ್ತಿರುವುದಿಲ್ಲ. ಗಂಟೆ ಹೇಳಬೇಡಿ, "ಡ್ರಿಪ್ ಮುಗಿಯುವ ಮುಂಚೆ ಫೋನ್ ಮಾಡುತ್ತೇವೆ" ಅನ್ನಿ. ಹೊಟ್ಟೆಯ ಕೆಳಭಾಗಕ್ಕೆ ರೇಡಿಯೇಷನ್ ಆಗುವವರಿಗೆ ದಿನ ಕಳೆದಂತೆ ಭೇದಿ, ಪದೇ ಪದೇ ಮೂತ್ರ ಶುರುವಾಗಬಹುದು. ದಾರಿಯಲ್ಲಿ ಶೌಚಾಲಯ ಎಲ್ಲೆಲ್ಲಿದೆ ನೋಡಿಟ್ಟುಕೊಳ್ಳಿ. ಓಡಿಸುವವರಿಗೂ ಮೊದಲೇ ತಿಳಿಸಿ, ನಾಚಿಕೆ ಬೇಡ. ಎಷ್ಟೋ ಹಿರಿಯರು ಕೇಳಲು ಸಂಕೋಚಪಟ್ಟು ನೀರನ್ನೇ ಕುಡಿಯದೆ ಬರುತ್ತಾರೆ. ಕೊಡುವ ಕೀಮೋ ಔಷಧ ಸಿಸ್ಪ್ಲಾಟಿನ್ ಆದರೆ ಹೀಗೆ ನೀರು ಕುಡಿಯದಿರುವುದು ಮೂತ್ರಪಿಂಡಕ್ಕೆ ಒಳ್ಳೆಯದಲ್ಲ. ವಾಂತಿಗೆ ಒಂದು ಗಟ್ಟಿ ಕವರ್ ಕೈಗೆ ಸಿಗುವಂತೆ ಇರಲಿ.

ಉತ್ತರ 4: ನನಗೆ ಸ್ತನ ಕ್ಯಾನ್ಸರ್. ಕಡಿಮೆ ದಿನದ ರೇಡಿಯೇಷನ್ ಸಾಧ್ಯವಾ ಎಂದು ಕೇಳಿದ್ದೆ, 3 ವಾರದಲ್ಲಿ ಮುಗಿಯಿತು. 2020ರಲ್ಲಿ ಪ್ರಕಟವಾದ ಫಾಸ್ಟ್-ಫಾರ್ವರ್ಡ್ ಅಧ್ಯಯನದ ನಂತರ ಸ್ತನ ಕ್ಯಾನ್ಸರ್‌ನ ಕೆಲವರಿಗೆ 1 ವಾರದಲ್ಲೇ, 5 ಸಲದಲ್ಲಿ ಮುಗಿಸುವುದೂ ಉಂಟು. ನಿಮ್ಮ ಅತ್ತೆಗೆ ಇದು ಹೊಂದುವುದಿಲ್ಲ. ಬೇರೆ ಯಾರಾದರೂ ಓದುತ್ತಿದ್ದರೆ ಕೇಳಿ ನೋಡಲಿ ಅಂತ ಬರೆದೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಉಳಿಯುವ ಜಾಗದ ಬಗ್ಗೆ ನಾಳೆಯೇ ಕೇಳುತ್ತೇನೆ. ಮೂತ್ರ ತುಂಬಿರುವಾಗಲೇ ರೇಡಿಯೇಷನ್ ಕೊಡುತ್ತಾರಂತೆ, ಎರಡು ಗಂಟೆ ದಾರಿಯಲ್ಲಿ ಅದು ಹೇಗೆ?

ಉತ್ತರ 1: ಮೂತ್ರ ತುಂಬಲಿ ಅಂತ ಮನೆಯಿಂದಲೇ ನೀರು ಕುಡಿದು ಹೊರಡಬೇಡಿ, ಪಾಪ, ಅಮ್ಮ ಆ ಅವಸ್ಥೆ ಪಟ್ಟಿದ್ದಾರೆ. ದಾರಿಯಲ್ಲಿ ಬಾಯಾರಿದಾಗ ಸ್ವಲ್ಪ ಸ್ವಲ್ಪ ಕುಡಿಯಲಿ. ಆಸ್ಪತ್ರೆ ತಲುಪಿ ಶೌಚಾಲಯಕ್ಕೆ ಹೋಗಿ ಬಂದ ಮೇಲೆ ಅವರು ಹೇಳಿದಷ್ಟು ನೀರು ಕುಡಿದು, ಹೇಳಿದಷ್ಟು ಹೊತ್ತು ಕಾಯಬೇಕು. ಅದಕ್ಕೇ ಸ್ವಲ್ಪ ಬೇಗ ತಲುಪುವಂತೆ ಹೊರಡಿ. ಇನ್ನೊಂದು, ಬ್ರಾಕಿ ದಿನ ಅರಿವಳಿಕೆ ಅಥವಾ ಮಂಪರು ಬರುವ ಔಷಧ ಕೊಡಬಹುದು. ಅವತ್ತು ಬಸ್ಸು ಬೇಡ. ಗಂಡನ ರಜೆಯನ್ನು ಆ ದಿನಗಳಿಗೆ ಅಂತಲೇ ಉಳಿಸಿಡಿ.