ಸಹಾಯ ಬೇಕು: ರಂಬುಟಾನ್ ಕಟ್ಟಲು ಮಣ್ಣಲ್ಲಿ ಕರಗುವ ಫಿಲ್ಮ್ ಎಲ್ಲಿ ಸಿಗುತ್ತದೆ?

ಎಲ್ಲರಿಗೂ ನಮಸ್ಕಾರ. ಬದಿಯಡ್ಕ ಹತ್ತಿರ ನಮ್ಮ ಅಡಿಕೆ ತೋಟದಲ್ಲಿ 18 ರಂಬುಟಾನ್ ಮರ ಇವೆ. ಹಣ್ಣು ಮಂಗಳೂರಿಗೆ ಹೋಗುತ್ತದೆ. ಕೊಯ್ದ ಮೂರನೇ ದಿನಕ್ಕೇ ಮೇಲಿನ ಕೂದಲು ಒಣಗಿ ಕಪ್ಪಾಗುತ್ತದೆ. ಸುಲಿದರೆ ತಿರುಳು ಬೆಳ್ಳಗೆ, ಸಿಹಿಯಾಗೇ ಇರುತ್ತದೆ. ಆದರೆ ಅಂಗಡಿಯವರು ಸುಲಿದು ನೋಡುತ್ತಾರಾ? ಮಾಮೂಲಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದೆ. ಒಳಗೆಲ್ಲ ನೀರಿನ ಹನಿ ಕೂತು, ತೊಟ್ಟಿನ ಹತ್ತಿರ ಬಿಳಿ ಬೂಸ್ಟು ಬಂತು.

ಮರಗೆಣಸಿನ ಪಿಷ್ಟ, ಕೈಟೋಸಾನ್ (ಸಿಗಡಿ ಚಿಪ್ಪು, ಅಣಬೆಗಳಿಂದ ತೆಗೆಯುವ ನಾರಿನಂಥ ವಸ್ತು) ಬಳಸಿ ಮಾಡುವ ಫಿಲ್ಮ್, ಅಂದರೆ ತೆಳು ಹಾಳೆಯ ಬಗ್ಗೆ ಓದಿದೆ. ಲವಂಗದ ಎಣ್ಣೆ ಸೇರಿಸಿದರೆ ಬೂಸ್ಟನ್ನೂ ತಡೆಯುತ್ತದಂತೆ. ಎಥಿಲೀನ್ (ಕಾಯಿಯನ್ನು ಹಣ್ಣಾಗಿಸುವ ಅನಿಲ) ಹೀರುವ ಪುಡಿ ಮಾತ್ರ ಹೇಳಬೇಡಿ, ಅದು ಬಾಳೆ, ಮಾವಿಗೆ ಸರಿ. ರಂಬುಟಾನ್ ಕೊಯ್ದ ಮೇಲೆ ಹಣ್ಣಾಗುವ ಜಾತಿಯಲ್ಲ. ನೀರು ಆರುವುದೇ ಅದರ ತೊಂದರೆ.

ಪಿಷ್ಟದ ಫಿಲ್ಮ್ ತೇವಕ್ಕೆ ಮೆತ್ತಗಾಗುತ್ತದೆ. ನಮ್ಮ ಹಣ್ಣು ಬರುವುದೋ ಆಟಿ ಮಳೆಯಲ್ಲಿ! ಮಳೆಗಾಲದಲ್ಲಿ ಬಳಸಿ ನೋಡಿದವರು ಇದ್ದೀರಾ? ಇನ್ನೊಂದು, ಕೈಟೋಸಾನ್ ಹೆಚ್ಚಾಗಿ ಸಿಗಡಿ ಚಿಪ್ಪಿನದು. ನಮ್ಮ ಗಿರಾಕಿಗಳಲ್ಲಿ ಸಸ್ಯಾಹಾರಿಗಳೇ ಜಾಸ್ತಿ, ಹೇಳದೆ ಕೊಡುವುದು ಸರಿಯಲ್ಲ ಅಲ್ವಾ? ಅಣಬೆಯಿಂದ ಮಾಡಿದ್ದು ಸಿಗುತ್ತದಾ?

ಸದ್ಯಕ್ಕೆ ಒಂದೆರಡು ಕಿಲೋ ಫಿಲ್ಮ್ ಸಾಕು. ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಯಾವ ವಿಭಾಗದಲ್ಲಿ ಕೇಳಬೇಕು ಎಂದು ಗೊತ್ತಿದ್ದವರು ದಯವಿಟ್ಟು ತಿಳಿಸಿ.