ನೀರಿಗೆ ಸ್ಮಾರ್ಟ್ ಮೀಟರ್, ಸೆನ್ಸರ್ ಹಾಕಿಸಿದವರು ಇದ್ದೀರಾ? ಅನುಭವ ಹೇಳಿ

ಕೇಳಿದವರು, ವೈಟ್‌ಫೀಲ್ಡ್ ಕಡೆಯಿಂದ:
ನಮ್ಮದು 64 ಮನೆಗಳ ಹಳೇ ಅಪಾರ್ಟ್‌ಮೆಂಟ್. ಎರಡು ಬೋರ್, ಒಂದು ಬೇಸಿಗೆಯಲ್ಲಿ ಕೈ ಕೊಡುತ್ತದೆ. ಉಳಿದದ್ದು ಟ್ಯಾಂಕರ್. ಮನೆಮನೆಗೆ ಸ್ಮಾರ್ಟ್ ಮೀಟರ್, ಟ್ಯಾಂಕಿಗೆ, ಮೋಟಾರಿಗೆ ಸೆನ್ಸರ್, ಮೊಬೈಲಿಗೆ ಅಲರ್ಟ್ ಅಂತ ಒಂದು ಕಂಪನಿಯವರು ಬಂದು ಹೇಳಿ ಹೋಗಿದ್ದಾರೆ. "ಕೆಡೋ ಮೊದಲೇ ಹೇಳುತ್ತೆ ಸಾರ್" ಅನ್ನುತ್ತಾರೆ. ಭಾನುವಾರ ಮೀಟಿಂಗ್ ಇದೆ. ಹಾಕಿಸಿದವರು ಇದ್ದರೆ ಒಳ್ಳೆಯದು ಕೆಟ್ಟದ್ದು ಎರಡೂ ಹೇಳಿ.

ಒಬ್ಬರು ಮಾಜಿ ಸೆಕ್ರೆಟರಿ:
ನಮ್ಮದು 96 ಮನೆ. ಹಾಕಿಸಿ ನಾಲ್ಕು ವರ್ಷ ಆಯಿತು. ಆಗ ನಾನೇ ಸೆಕ್ರೆಟರಿ, ಹಾಗಾಗಿ ಬೈಗುಳವೆಲ್ಲ ನನ್ನ ಪಾಲಿಗೇ ಬಂತು. ಉಪಯೋಗ ಖಂಡಿತ ಇದೆ. ಆದರೆ ಅವರು ತೋರಿಸುವ ಕಡೆ ಅಲ್ಲ.

ಮೊದಲು ಒಂದು ಮನೆಗೆ ಎಷ್ಟು ಪೈಪ್ ಒಳಗೆ ಬರುತ್ತದೆ ಎಣಿಸಿ. ಹಳೇ ಕಟ್ಟಡಗಳಲ್ಲಿ ಬಾತ್‌ರೂಮಿಗೊಂದು, ಅಡುಗೆಮನೆಗೊಂದು, ಯುಟಿಲಿಟಿಗೊಂದು ಅಂತ ಡಕ್ಟಿನಿಂದ ಬೇರೆಬೇರೆ ಲೈನ್ ಇರುತ್ತದೆ. ನಾಲ್ಕು ಲೈನ್ ಇದ್ದರೆ ನಿಮಗೆ ಬೇಕಾದದ್ದು 64 ಮೀಟರ್ ಅಲ್ಲ, 256. ಕೊಟೇಶನ್‌ನಲ್ಲಿ ಯಾವ ಲೆಕ್ಕ ಇದೆ ನೋಡಿ. ನಮಗೆ ಇದು ಹೊಳೆದದ್ದು ಅಡ್ವಾನ್ಸ್ ಕೊಟ್ಟ ಮೇಲೆ.

ಇನ್ನು ಬೋರ್ ನೀರು. ಗೀಸರ್ ಕಾಯಿಲ್ ಮೇಲೆ ಬೆಳ್ಳಗೆ ಗಟ್ಟಿಯಾಗಿ ಕೂರುತ್ತದಲ್ಲ, ಅದೇ ಮೀಟರಿನ ಒಳಗೂ ಕೂರುತ್ತದೆ. ಚಕ್ರ ತಿರುಗುವ ಮೀಟರ್ ಆದರೆ ಬರಬರುತ್ತಾ ಕಡಿಮೆ ತೋರಿಸುತ್ತದೆ. ತೀರಾ ಸಣ್ಣ ಸೋರಿಕೆಗಂತೂ ಚಕ್ರ ಅಲ್ಲಾಡುವುದೇ ಇಲ್ಲ. ಅಲ್ಟ್ರಾಸಾನಿಕ್‌ನಲ್ಲಿ ತಿರುಗುವ ಭಾಗವೇ ಇಲ್ಲ, ಶಬ್ದದ ಅಲೆಯಿಂದ ಅಳೆಯುತ್ತದೆ, ಆದರೆ ದುಡ್ಡು ಜಾಸ್ತಿ. ಜಗಳಾಡಿಕೊಂಡು ನಾವು ಅದನ್ನೇ ಹಾಕಿಸಿದೆವು.

ನಿಜವಾದ ಲಾಭ ಬಂದದ್ದು ರಾತ್ರಿ ಲೆಕ್ಕದಿಂದ. ರಾತ್ರಿ ಎರಡರಿಂದ ನಾಲ್ಕರವರೆಗೆ ಯಾರೋ ಒಮ್ಮೆ ಫ್ಲಶ್ ಮಾಡಿದ್ದು ಬಿಟ್ಟರೆ ಮನೆಯ ಮೀಟರ್ ನಿಂತಿರಬೇಕು. ನಿಲ್ಲದ ಮನೆಗಳ ಪಟ್ಟಿ ತೆಗೆದರೆ ಹನ್ನೊಂದು. ಎಲ್ಲರೂ "ನಮ್ಮಲ್ಲಿ ಒಂದು ಹನಿ ಸೋರಲ್ಲ" ಅಂದವರೇ.

ಮೂರನೇ ಮಹಡಿಯ ಅಂಕಲ್ ಗ್ರಾಫ್ ನೋಡಿ "ನಿಮ್ಮ ಮಷಿನ್ನೇ ಸುಳ್ಳು" ಅಂದುಬಿಟ್ಟರು. ಅವರ ಮನೆಯಲ್ಲಿದ್ದ ಕೇಸರಿಬಾತಿನ ಬಣ್ಣವನ್ನೇ ಒಂದು ಚಿಟಿಕೆ ಫ್ಲಶ್ ಟ್ಯಾಂಕಿಗೆ ಹಾಕಿ, ಯಾರೂ ಆ ಕಡೆ ಹೋಗಬೇಡಿ ಅಂತ ಹೇಳಿ ಕಾಫಿಗೆ ಕೂತೆವು. ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ ಕಮೋಡಿನ ಹಿಂಬದಿಯಲ್ಲಿ ತೆಳ್ಳನೆಯ ಕಿತ್ತಳೆ ಗೆರೆ, ಸದ್ದೇ ಇಲ್ಲದೆ ಇಳಿಯುತ್ತಿತ್ತು. ಆಂಟಿ ನಕ್ಕರು. ಅಂಕಲ್ ನಗಲಿಲ್ಲ. ಒಳಗಿನ ರಬ್ಬರ್ ವಾಶರ್ ಗಟ್ಟಿಯಾಗಿ ಅಂಚು ಸುರುಟಿಕೊಂಡಿತ್ತು, ಅಷ್ಟೇ. ಮೀಟರಿನಲ್ಲಿ ನಿಮಿಷಕ್ಕೆ 200 ಮಿಲಿಲೀಟರ್. ಏನೂ ಅಲ್ಲ ಅನ್ನಿಸುತ್ತೆ ಅಲ್ವಾ? ದಿನಕ್ಕೆ 288 ಲೀಟರ್ ಆಯಿತು. ಕಟ್ಟಡಕ್ಕೆ ನೀರಿನ ಲೆಕ್ಕ ಹಾಕುವಾಗ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಹಿಡಿಯುತ್ತಾರೆ. ಅಂದರೆ ಅಂಕಲ್ ಮನೆಯಲ್ಲಿ ಕಣ್ಣಿಗೆ ಕಾಣದ ಇಬ್ಬರು ನೆಂಟರು ಝಾಂಡಾ ಹೂಡಿದ್ದರು.

ಈಗ ಬೇಜಾರಿನ ಮಾತು. ಅಲರ್ಟ್ ಬಂತು, ಪ್ಲಂಬರ್ ಬರಲಿಲ್ಲ. ಮೊದಲ ವರ್ಷ ಪೂರ್ತಿ ಇದೇ ಕತೆ. ಮೊಬೈಲ್ ಟಿಂಗ್ ಅನ್ನುತ್ತದೆ, ನಾನು ಗ್ರೂಪಿಗೆ ಹಾಕುತ್ತೇನೆ, ಮನೆಯವರು ಹೆಬ್ಬೆರಳು ಒತ್ತುತ್ತಾರೆ, ನೀರು ತನ್ನ ಪಾಡಿಗೆ ಹೋಗುತ್ತಿರುತ್ತದೆ. ಕೊನೆಗೆ ಒಬ್ಬ ಪ್ಲಂಬರ್‌ಗೆ ತಿಂಗಳಿಗೆ ಇಷ್ಟು ಅಂತ ಗೊತ್ತು ಮಾಡಿ, ಆಫೀಸಿನಲ್ಲಿ ಒಂದು ಡಬ್ಬಿ ತುಂಬ ವಾಶರ್, ಬಾಲ್ ವಾಲ್ವ್, ಹೆಲ್ತ್ ಫಾಸೆಟ್ ಪೈಪ್ ತಂದಿಟ್ಟೆವು. ಟ್ಯಾಂಕರ್ ಕಡಿಮೆಯಾದದ್ದು ಆಮೇಲೆ.

ಮೈಸೂರಿನಿಂದ, ಹಾಸ್ಟೆಲ್ ಮೇಂಟೆನೆನ್ಸ್ ನೋಡಿಕೊಳ್ಳುವವರು:
"ಕೆಡೋ ಮೊದಲೇ ಹೇಳುತ್ತೆ" ಅನ್ನುವ ಮಾತು ನಲ್ಲಿಗಿಂತ ಮೋಟಾರಿಗೆ ಸರಿ. ನನ್ನ ಹತ್ತಿರ ಆ್ಯಪ್ ಇರಲಿಲ್ಲ, ಒಂದು ನೋಟ್‌ಬುಕ್ ಇತ್ತು. ಓವರ್‌ಹೆಡ್ ಟ್ಯಾಂಕ್ ತುಂಬಲು ಎಷ್ಟು ನಿಮಿಷ, ಮೋಟಾರ್ ಎಷ್ಟು ಆಂಪಿಯರ್ ಎಳೆಯಿತು, ಎರಡೇ ಕಾಲಂ. 40 ನಿಮಿಷ ಇದ್ದದ್ದು ಮೆಲ್ಲಗೆ 55ಕ್ಕೆ ಬಂತು ಅನ್ನಿ. ಇಂಪೆಲ್ಲರ್ (ಪಂಪಿನೊಳಗೆ ನೀರು ತಳ್ಳುವ ಚಕ್ರ) ಸವೆದಿರಬೇಕು, ಇಲ್ಲ ಫುಟ್ ವಾಲ್ವಿಗೆ (ನೀರು ಹೀರುವ ಪೈಪಿನ ತುದಿಯ ವಾಲ್ವ್) ಕಸ ಸಿಕ್ಕಿರಬೇಕು, ಇಲ್ಲ ನೀರು ವಾಪಸ್ ಇಳಿಯುತ್ತಿರಬೇಕು. ಆಂಪಿಯರ್ ದಿಢೀರ್ ಅಂತ ಬಿದ್ದರೆ ಸಂಪು ಖಾಲಿ, ತಕ್ಷಣ ಆಫ್ ಮಾಡಿ.

ಪ್ರೆಶರ್ ಪಂಪ್ ಇದ್ದರೆ ಗಂಟೆಗೆ ಎಷ್ಟು ಸಲ ಚಾಲೂ ಆಗುತ್ತದೆ ಎಣಿಸಿ. ಯಾರೂ ನಲ್ಲಿ ಬಿಡದ ಹೊತ್ತಿನಲ್ಲೂ ಓಡುತ್ತಿದ್ದರೆ ಎಲ್ಲೋ ಸೋರಿಕೆ. ನಲ್ಲಿ ತಿರುಗಿಸಿದ ಕೂಡಲೇ ಆನ್ ಆಫ್, ಆನ್ ಆಫ್ ಅಂತ ಬಡಿದುಕೊಂಡರೆ ಸಾಮಾನ್ಯವಾಗಿ ಪ್ರೆಶರ್ ಟ್ಯಾಂಕಿನ ಗಾಳಿ ಹೋಗಿರುತ್ತದೆ.

ಸೆನ್ಸರ್ ಮಾಡುವುದೂ ಇದೇ ಎಣಿಕೆ. ಆದರೆ ಅದು ಮಲಗಲ್ಲ. ಒಂದು ರಾತ್ರಿ ಸಂಪು ಖಾಲಿಯಾಗಿ ಮೋಟಾರ್ ಒಣಗಿಯೇ ಓಡಿತು. ನಾನೂ ನೋಟ್‌ಬುಕ್ಕೂ ನಿದ್ದೆಯಲ್ಲಿದ್ದೆವು. ರಿವೈಂಡಿಂಗ್ ಬಿಲ್ ನೋಡಿದ ಮೇಲೆ ಮೋಟಾರಿಗೆ ಮಾತ್ರ ಹಾಕಿಸಿದ್ದೇನೆ.

ಇನ್ನೊಬ್ಬರು:
ಸಣ್ಣ ಸೇರ್ಪಡೆ. ಟ್ಯಾಂಕಿನ ಮುಚ್ಚಳಕ್ಕೆ ಕೂರಿಸುವ ಲೆವೆಲ್ ಸೆನ್ಸರ್ ಮೇಲೆ ಹಬೆ ಹನಿಗಟ್ಟಿದರೆ ತಪ್ಪು ತೋರಿಸುತ್ತದೆ. ಸಂಪು ಬೇಸ್‌ಮೆಂಟ್‌ನಲ್ಲಿದ್ದರೆ ಡೆಮೊ ಅಲ್ಲೇ ಇಳಿದು ಮಾಡಿಸಿ, ಕ್ಲಬ್‌ಹೌಸಿನಲ್ಲಿ ಎಲ್ಲ ಸಿಗ್ನಲ್ಲೂ ಚೆನ್ನಾಗಿಯೇ ಬರುತ್ತದೆ. ಬ್ಯಾಟರಿ ಯಾರ ಖರ್ಚು ಅಂತ ಬರೆಸಿಕೊಳ್ಳಿ. ಹಾಗೇ, 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ನಲ್ಲಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಜಾಲರಿ) ಕಡ್ಡಾಯ ಅಂದಾಗ ಹಾಕಿಸಿದ್ದರೆ ಈಗ ಒಂದನ್ನು ಬಿಚ್ಚಿ ನೋಡಿ. ನಮ್ಮಲ್ಲಿ ಅರ್ಧಕ್ಕರ್ಧ ಉಪ್ಪು ಕಟ್ಟಿ, ಜನ ಕಿತ್ತೆಸೆದಿದ್ದರು. ಸುಮ್ನೆ ರಾತ್ರಿ ವಿನೆಗರ್‌ನಲ್ಲಿ ನೆನೆಹಾಕಿ ಉಜ್ಜಿದ್ದರೆ ಸಾಕಿತ್ತು.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಎಣಿಸಿದೆ, ನಮ್ಮಲ್ಲಿ ಮನೆಗೆ ಐದು ಲೈನ್. ಕೊಟೇಶನ್‌ನಲ್ಲಿ 64 ಅಂತಲೇ ಇದೆ! ಸದ್ಯಕ್ಕೆ ಬ್ಲಾಕಿಗೆ ಒಂದು ಮೀಟರ್, ಮೋಟಾರಿಗೆ ಸೆನ್ಸರ್, ಇಷ್ಟೇ ಕೇಳೋಣ ಅಂತಿದ್ದೇನೆ. ಕೇಸರಿ ಬಣ್ಣ ಇರಲಿಲ್ಲ, ಗೋಡೆಯ ಫ್ಲಶ್ ಪ್ಲೇಟ್ ಬಿಚ್ಚಿ ಬೀಟ್‌ರೂಟ್ ಬೇಯಿಸಿದ ನೀರು ಸುರಿದೆ. ಎರಡರಲ್ಲಿ ಒಂದು ಕಮೋಡ್ ಗುಲಾಬಿ ಆಯಿತು. ಗೋಡೆಯೊಳಗಿನ ಹಳೇ ಟ್ಯಾಂಕ್, ಆ ಮಾಡೆಲ್ ನಿಂತುಹೋಗಿದೆಯಂತೆ. ಅದರ ವಾಶರ್ ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತೆ, ಗೊತ್ತಿದ್ದವರು ಹೇಳಿ.